ವೆಲ್ಮಾ ಹೇಳಿದ ಸರಿ ಉತ್ತರ

ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ನನ್ನ ಹೆಂಡತಿ ವೆಲ್ಮಾ ಈಗ ಮನೆ ಮಾರಿಸುವ ಲೈಸೆನ್ಸಿಗಾಗಿ ಓಹಾಯೋ ರಾಜ್ಯದ ಪರೀಕ್ಷೆಗೆ ಓದುತ್ತಿದ್ದಾಳೆ. ಕಾರ್ಡು ಹಿಡಿದು ಪ್ರಶ್ನೆ ಕೇಳುವವಳು ಪಕ್ಕದ ಮನೆಯ ಟ್ರಿನಾ. ಆ ಮನೆ ನನ್ನ ಅತ್ತೆಯದಾಗಿತ್ತು; ಹೋದ ವರ್ಷ ಅದನ್ನು ಟ್ರಿನಾಗೆ ಮಾರಿದವರು ನಾವೇ. ಮಾರುವ ಮುಂಚೆ ನೆಲಮಾಳಿಗೆಯ ನೀರಿನ ಕಲೆಯ ಮೇಲೆ ಎರಡು ಸಲ ಬಿಳಿ ಬಣ್ಣ ಬಳಿದವರೂ ನಾವೇ.

"ನೆಲಮಾಳಿಗೆಗೆ ನೀರು ನುಗ್ಗೋದು ಮಾರೋರಿಗೆ ಗೊತ್ತು. ಏನ್ಮಾಡ್ಬೇಕು?" ಟ್ರಿನಾ ಓದಿದಳು.

"ಕೊಳ್ಳೋರಿಗೆ ಮೊದ್ಲೇ ಬರೆದು ತಿಳಿಸ್ಬೇಕು," ವೆಲ್ಮಾ ತಡವರಿಸದೆ ಹೇಳಿದಳು.

"ಭೇಷ್ ವೆಲ್ಮಕ್ಕಾ! ಈ ಸಲ ಹಿಮ ಕರಗಿದಾಗ ನಮ್ಮನೆ ನೆಲಮಾಳಿಗೇಲೂ ಮೊಣಕಾಲುದ್ದ ನೀರು. ನಾನೇ ಏನೋ ಎಡವಟ್ಟು ಮಾಡಿರ್ಬೇಕು, ನನ್ ಬುದ್ಧಿಗಿಷ್ಟು!"

ನಾನು ಕಾಫಿ ಲೋಟದಿಂದ ಮುಖ ಎತ್ತಲಿಲ್ಲ.

"ಮುಂದಿನ ಕಾರ್ಡು ಓದು," ಎಂದಳು ವೆಲ್ಮಾ.