ಬೀದರ್ ಬೀಜಿಯ ಸಾಲು

ಗುರುದ್ವಾರದ ಊಟದ ಸಾಲಿನಲ್ಲಿ ಬೀಜಿ ನೆಲಕ್ಕೆ ಕೂರುವುದನ್ನು ನೋಡುವುದೇ ಒಂದು ಕಾರ್ಯಕ್ರಮ. ಮೊದಲು ಎಡಗೈ ಗೋಡೆಗೆ, ಬಲಗೈ ಪಕ್ಕದವರ ಹೆಗಲಿಗೆ. ಹೆಗಲು ಯಾರದ್ದಾದರೂ ಸರಿ, ಪರಿಚಯ ಬೇಕಿರಲಿಲ್ಲ. ಆಮೇಲೆ ಮೊಣಕಾಲನ್ನು ಬೈಯುತ್ತ, ದೇವರನ್ನು ಕರೆಯುತ್ತ, ಸ್ವಲ್ಪ ಸ್ವಲ್ಪವೇ ಇಳಿದು ಕೊನೆಗೆ ಧೊಪ್ಪನೆ ಕೂತು, ತಲೆಯ ಮೇಲಿನ ಚುನ್ನಿ ಸರಿಮಾಡಿಕೊಂಡು, ಏನೂ ಆಗದವರಂತೆ ತಟ್ಟೆ ಮುಂದಿಟ್ಟುಕೊಳ್ಳುತ್ತಿದ್ದರು. ಗೋಡೆಯ ಪಕ್ಕ ವಯಸ್ಸಾದವರಿಗೆಂದೇ ಕುರ್ಚಿಗಳಿದ್ದವು. ಅವುಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಹೆಸರು ಪ್ರೀತಮ್ ಕೌರ್; ಬೀಜಿ ಅಂದರೆ ಪಂಜಾಬಿಯಲ್ಲಿ ಅಮ್ಮ. ಕೆನಡಾದ ವಾನ್ ಊರಿನ ಹೊಸ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಮಗ ತೀರಿಹೋದ ಮೇಲೆ ಸೊಸೆ ಹರ್ಲೀನ್ ಜೊತೆ ಇದ್ದರು. ನಾನು ಅವರನ್ನು ಪಂಜಾಬಿನವರೆಂದೇ ತಿಳಿದು ಒಂದು ನಮಸ್ಕಾರಕ್ಕೆ ಮುಗಿಸಿಬಿಡುತ್ತಿದ್ದೆ. ಒಂದು ಚಳಿಗಾಲ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗಿ, ಮರದ ಕೊಂಬೆಗಳು ತಂತಿಯ ಮೇಲೆ ಮುರಿದು ಬಿದ್ದು, ಬೀದಿಗೆಲ್ಲ ಕರೆಂಟು ಹೋಯಿತು. ನಮ್ಮ ಒಲೆಯೂ ಕರೆಂಟಿನದೇ. "ಗ್ಯಾಸ್ ಸ್ಟೌವ್ ಹಾಕ್ಸಿ ಅಂತ ಬಡ್ಕೊಂಡೆ, ಕೇಳಿದ್ರಾ? ಈಗ ಬ್ರೆಡ್ ತಿನ್ನಿ!" ಎಂದು ಡ್ರೈವ್‌ವೇಯಲ್ಲಿ ನಿಂತು ನನ್ನ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಹಿಮ ಎತ್ತುತ್ತಿದ್ದ ಬೀಜಿ ಸಲಿಕೆ ಊರಿ ನಿಂತರು.

"ಬೈಬ್ಯಾಡ ತಂಗಿ, ಬಾಯಾಗಿನ ಬಿಸೀನೂ ಹೋಗ್ತದ. ಬರ್ರಿ, ಗುರುದ್ವಾರದಾಗ ಬಿಸಿ ದಾಲ್ ಅದಾ."

ಪಂಜಾಬಿನವರ ಬಾಯಲ್ಲಿ ಇಂಥ ಕನ್ನಡ ಕೇಳಿ ನಾನು ಬಾಯಿ ತೆರೆದುಕೊಂಡೇ ನಿಂತೆ. ಬೈಗುಳದಿಂದ ಪಾರಾದ ಖುಷಿಯಲ್ಲಿ ಗಂಡ ಆಗಲೇ ಕಾರಿನಲ್ಲಿದ್ದರು.

ಬೀಜಿ ಹುಟ್ಟಿ ಬೆಳೆದದ್ದು ಬೀದರಿನಲ್ಲಿ. ತಂದೆ ಅಲ್ಲಿ ಲಾರಿ ಓಡಿಸುತ್ತಿದ್ದರಂತೆ. ಬೀದರಿಗೂ ಸಿಖ್ಖರಿಗೂ ಏನು ಸಂಬಂಧ ಎಂದು ನಾನು ಕೇಳಿದ್ದೇ ತಡ, ಅವರ ಮುಖ ಅರಳಿತು. "ನಾನಕ್ ಸಾಹೇಬ್ರು ನಮ್ಮೂರಿಗಿ ಬಂದಿದ್ರು. ಬಾವಿ ನೀರೆಲ್ಲಾ ಉಪ್ಪ, ಮಂದಿ ಅಳ್ಲತ್ತಿದ್ರು. ಗುಡ್ಡದಾಗಿನ ಕಲ್ಲ ಸರಿಸಿದ್ರು, ಸಿಹಿ ನೀರ ಬಂತು. ಇವತ್ತಿಗೂ ಹರೀಲತ್ತದ." ನಾನು ಹುಬ್ಬೇರಿಸಿದೆ. "ಕುಡ್ದ ನೋಡು, ಆಮ್ಯಾಲ ಹುಬ್ಬ ಏರ್ಸು" ಎಂದರು. ಮುಂದೆ ಹತ್ತನೆಯ ಗುರುಗಳು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನವರು ಎಂಬುದಂತೂ ಅವರಿಗೆ ಸ್ವಂತ ಅಣ್ಣನ ಸಾಧನೆಯಷ್ಟೇ ಹೆಮ್ಮೆ.

ಅಲ್ಲಿಂದ ನನಗೆ ಭಾನುವಾರದ ಹುಚ್ಚು ಹಿಡಿಯಿತು. ಲಂಗರಿನ, ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಹಾಕುವ ಊಟದ, ಅಡುಗೆಮನೆಯಲ್ಲಿ ರೋಟಿ ಲಟ್ಟಿಸುತ್ತ ಪ್ರಶ್ನೆ ಕೇಳುವುದು, ಅವರು ಕಾವಲಿಯ ಮುಂದೆ ನಿಂತು ಉತ್ತರ ಹೇಳುವುದು. ಗುರುಗಳ ಕಥೆಯನ್ನು ಅವರು ಬೀಗರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. ನಾನಕರು ಗಾದಿಯನ್ನು ಮಕ್ಕಳಿಗೆ ಕೊಡದೆ ಶಿಷ್ಯನಿಗೆ ಕೊಟ್ಟಾಗ ಮನೆಯಲ್ಲಿ ಎಷ್ಟು ಮುನಿಸಾಗಿರಬೇಕು ಎಂದು ಇಬ್ಬರೂ ಸೇರಿ ಲೆಕ್ಕ ಹಾಕುತ್ತಿದ್ದೆವು. ಆ ಶಿಷ್ಯನೇ ಎರಡನೆಯ ಗುರು ಅಂಗದರು. ಅವರ ಹೆಂಡತಿ ಖೀವಿ ಲಂಗರಿನಲ್ಲಿ ತುಪ್ಪ ಹಾಕಿದ ಖೀರು ಬಡಿಸುತ್ತಿದ್ದರೆಂದು ಹೇಳುವಾಗ ಮಾತ್ರ ದನಿ ಮೆತ್ತಗಾಗುತ್ತಿತ್ತು. ನಾಲ್ಕನೆಯವರಾದ ರಾಮದಾಸರಿಂದ ಅವರ ಮಾವ ಒಂದೇ ಕಟ್ಟೆಯನ್ನು ಮತ್ತೆ ಮತ್ತೆ ಕೆಡವಿಸಿ ಕಟ್ಟಿಸಿದ ಕಥೆ ಹೇಳಿದ ದಿನ ನನ್ನ ರೋಟಿಯನ್ನೂ ಮುದ್ದೆ ಮಾಡಿ ಕೈಗಿಟ್ಟರು. "ಇನ್ನೊಮ್ಮಿ ಲಟ್ಟಿಸು. ಇದು ರೋಟಿ ಅಲ್ಲ, ಕೆನಡಾ ನಕ್ಷೆ."

ಆದರೆ ಬೀಜಿಯ ಪ್ರೀತಿಯ ಗುರು ಆ ಮಾವ, ಮೂರನೆಯ ಅಮರದಾಸರು. ಎಪ್ಪತ್ತು ದಾಟಿದ ಮೇಲೆ ಗುರುವಾದವರು. ಯಾರೇ ಭೇಟಿಗೆ ಬಂದರೂ ಮೊದಲು ಸಾಲಿನಲ್ಲಿ ಕೂತು ಊಟ ಮಾಡಬೇಕು ಎಂದವರು. "ಅಕ್ಬರ್ ಬಾದಶಾಗೂ ಬಿಡ್ಲಿಲ್ಲ. ಕೂಡು, ಉಣ್ಣು, ಆಮ್ಯಾಲ ಮಾತು."

ಅಂಥ ಮೊಣಕಾಲು ಇಟ್ಟುಕೊಂಡು ಕುರ್ಚಿಯ ಮೇಲೆ ಯಾಕೆ ಕೂರಬಾರದು ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. ಬೇರೆ ಮುದುಕಿಯರಿಗೆ ತಾವೇ ಕುರ್ಚಿ ಹೊತ್ತು ತಂದು ಹಾಕುತ್ತಿದ್ದರಲ್ಲ! ಬೀಜಿ ಕಾವಲಿಯ ಉರಿ ಸಣ್ಣ ಮಾಡಿದರು.

"ನಮ್ಮ ಅಪ್ಪಾಜಿ ಯಾವ ಸಾಹೇಬ ಬಂದ್ರೂ ಕೈಕಟ್ಟಿ ಎದ್ದ ನಿಲ್ಲಾವ್ರು. ಒಂದಿನ ಬೀದರ್ ಲಂಗರಿಗಿ ಡೀಸಿ ಸಾಹೇಬ್ರು ಬಂದ್ರು. ಜಾಗಾ ಇದ್ದದ್ದು ಅಪ್ಪಾಜಿ ಬಾಜೂಕ. ಅಪ್ಪಾಜಿ ಏಳ್ಲಾಕ ಹೋದ್ರ, ಬಡಿಸಾಂವ ಹೆಗಲ ಒತ್ತಿ ಕೂಡ್ಸಿದ. ಇಬ್ಬರ ಮೊಣಕಾಲಿಗಿ ಮೊಣಕಾಲ ಹತ್ತಿತ್ತು, ನಾ ನೋಡೀನಿ. ಅಪ್ಪಾಜಿ ಅವತ್ತ ಒಂದ್ ರೋಟಿ ಜಾಸ್ತಿ ಉಂಡ್ರು." ಉರಿ ಮತ್ತೆ ಏರಿಸಿ, "ಅದಕ್ಕ ನಂಗ ನೆಲಾನೇ ಬೇಕು ತಂಗಿ" ಎಂದರು.

ಹೋದ ವರ್ಷ ಬೀಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹರ್ಲೀನ್ ನಡುಮನೆಯಲ್ಲಿ ಬಾಡಿಗೆಯ ಆಸ್ಪತ್ರೆ ಮಂಚ ಹಾಕಿಸಿದಳು. ಬೀಜಿಗೆ ಊಟ ಸೇರುತ್ತಿರಲಿಲ್ಲ. ಡಾಕ್ಟರು ಹೀಗೇ ಆದರೆ ಕಷ್ಟ ಅಂದಿದ್ದರು. "ಆಂಟಿ, ಪ್ಲೀಸ್, ಆಪ್ ಬಾತ್ ಕರೋ, ನೀವೇ ಮಾತಾಡಿ. ನಿಮ್ಮ ಕನ್ನಡದಲ್ಲಿ ಹೇಳಿದರೆ ಕೇಳಬಹುದು" ಎಂದು ಹರ್ಲೀನ್ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಅತ್ತಳು. ನನಗೂ ಅಳು ಬಂತು. ಖೀರು, ರೋಟಿ ಮಾಡಿಕೊಂಡು ಗಂಡನೊಂದಿಗೆ ಹೋದೆ.

ಬೀಜಿ ಇಷ್ಟೇ ಇಷ್ಟಾಗಿದ್ದರು. ಚಮಚ ಹಿಡಿದೆ. ಮುಖ ತಿರುಗಿಸಿದರು. "ನಾ ಮ್ಯಾಲ ಮಲ್ಕೊಂಡು, ನೀವು ನಿಂತು ತಿನ್ಸೂದು. ಇದೇನ್ ಊಟ?"

ನನಗೆ ಆಗ ಹೊಳೆಯಿತು. ಮಂಚಕ್ಕೆ ರಿಮೋಟ್ ಇತ್ತು. ಬೆನ್ನಿನ ಭಾಗ ಏರಿಸಿ ಅವರನ್ನು ಕೂರಿಸಿ, ಮಂಚವನ್ನು ಕೆಳಗಿಳಿಸುವ ಗುಂಡಿ ಒತ್ತಿ ಹಿಡಿದೆ. ಮಂಚ ಗುಂಯ್‌ಗುಟ್ಟುತ್ತ ಇಳಿಯಿತು. ಕೊನೆಗೆ ನೆಲದಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು. ನಾವು ಮೂವರೂ ನೆಲದ ಮೇಲೆ ಸಾಲಾಗಿ ಕೂತೆವು. ಬೀಜಿ ಮಂಚದ ಅಂಚಿನಿಂದ ಬಗ್ಗಿ, ಆ ಗೇಣಿನ ಅಂತರವನ್ನು ನೋಡಿದರು.

"ಇದು ಇನ್ನ ಇಳ್ಯಂಗಿಲ್ಲಾ?"

"ಇಲ್ಲ ಬೀಜಿ, ಅಷ್ಟೇ."

"ಹಂಗಾರ ನೀವೇ ಏರ್ರಿ."

ಹರ್ಲೀನ್ ಸೋಫಾದ ದಿಂಬುಗಳನ್ನೆಲ್ಲ ಕಿತ್ತು ತಂದಳು. ಒಬ್ಬೊಬ್ಬರೂ ಒಂದೊಂದರ ಮೇಲೆ ಕೂತೆವು. ಬೀಜಿ ಕಣ್ಣಲ್ಲೇ ಅಳೆದು, ನನ್ನ ಗಂಡನ ಕೆಳಗಿನ ದಪ್ಪ ದಿಂಬನ್ನು ತೆಗೆಸಿ ತೆಳ್ಳಗಿನದನ್ನು ಹಾಕಿಸಿದರು. ಆಮೇಲೆ ಕೈ ಚಾಚಿ ನನ್ನ ಮೊಣಕಾಲನ್ನು ಎಳೆದು ತಮ್ಮ ಮೊಣಕಾಲಿಗೆ ತಾಗಿಸಿಕೊಂಡರು.

ಮುಂದಿನ ಭಾನುವಾರದ ಹೊತ್ತಿಗೆ ಅವರು ತೀರಿಹೋಗಿದ್ದರು. ಆದರೆ ಆ ದಿನ ಖೀರು ಕುಡಿದು, ನಾನು ಲಟ್ಟಿಸಿದ ರೋಟಿಯನ್ನು ತಿರುಗಿಸಿ ನೋಡಿ, ಏನೂ ಅನ್ನದೆ ತಿಂದರು. ಮುಗಿದ ಮೇಲೆ ತಟ್ಟೆಯನ್ನು ಮತ್ತೆ ಮುಂದೆ ಹಿಡಿದರು.

"ಇನ್ನೊಂದ್ ಹಾಕು, ತಂಗಿ."