ಮೆಂಬರಕ್ಕನ ಓಟು

ಕಳೆದ ತಿಂಗಳು ರಾಣೆಬೆನ್ನೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಮುಂಚೆ ಕೈ ತೊಳೆಯಲು ಕಲ್ಯಾಣ ಮಂಟಪದ ಹಿಂಬದಿಗೆ ಹೋದಾಗ ಫಿನಾಯಿಲಿನ ಘಾಟು ಮೂಗಿಗೆ ಬಡಿಯಿತು. ಆಗಷ್ಟೇ ಯಾರೋ ನೆಲ ತೊಳೆದು ಹೋಗಿದ್ದರು. ಉಳಿದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಕಾಲದಲ್ಲಿ ಪಕ್ಕದ ಮನೆಯ ಮಂಚದ ಕೆಳಗಿಟ್ಟಿದ್ದ ಡಬ್ಬಿಯಿಂದ ಇದೇ ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೂ ಬರುತ್ತಿತ್ತು. ಅದನ್ನು ತಂದಿಟ್ಟವಳು ಹೋಗಿ ಎಷ್ಟು ವರ್ಷವಾಯಿತೋ…

ನಾನು ಹೊಸರಿತ್ತಿ ಕಡೆಯವಳು. ಎರಡು ಸಾವಿರದ ಇಸವಿಯ ಆಚೀಚೆ ಮದುವೆಯಾಗಿ ಬ್ಯಾಡಗಿ ಸೀಮೆಯ ಒಂದು ಸಣ್ಣ ಪಟ್ಟಣಕ್ಕೆ ಬಂದೆ. ಅದರ ಹೆಸರು ಬರೆಯುವುದಿಲ್ಲ. ಅವಳ ಮಗಳು ಇನ್ನೂ ಆ ಕಡೆಯೇ ಬಾಳುತ್ತಿದ್ದಾಳೆ. ನಮ್ಮದೂ ಅವಳದೂ ಒಂದೇ ಗೋಡೆಯ ಮನೆಗಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ನಾನು ಬಂದ ಮೊದಲ ದಿನವೇ ಹಿತ್ತಲಿನಿಂದ ಒಂದು ಬಟ್ಟಲು ಝುಣಕ ದಾಟಿಸಿ, "ತಂಗೀ, ಉಪ್ಪು ಸಾಕಾತೇನ ನೋಡು" ಎಂದಿದ್ದಳು.

ಚಿಕ್ಕಂದಿನಿಂದ ಅವಳು ಊರಂಚಿನ ಮೆಣಸಿನಕಾಯಿ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದವಳು. ಗಂಡ ರೈತರ ಕಾಯಿ ಮಾರಿಸಿಕೊಡುವ ಅಡತಿ ಅಂಗಡಿಗಳಿಗೆ ಬಾಡಿಗೆ ಗಾಡಿ ಗೊತ್ತುಮಾಡಿಕೊಡುವ ದಲಾಲಿ. ಅವನಿಗೆ ಪುರಸಭೆಯ ಕುರ್ಚಿಯ ಮೇಲೆ ಬಹಳ ದಿನದ ಆಸೆ. ಆ ಸಲ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಹೆಂಡತಿಯನ್ನು ನಿಲ್ಲಿಸಿದ, ಗೆದ್ದಳು. ಮೊದಲ ವರ್ಷವೆಲ್ಲ ಮೀಟಿಂಗಿಗೆ ಹೋದವನು ಅವನೇ. ಕಾಗದ ಮನೆಗೆ ಬರುತ್ತಿತ್ತು, ಒಲೆಯ ಮುಂದಿನಿಂದ ಎದ್ದು ಬಂದು ಸಹಿ ಮಾಡುತ್ತಿದ್ದಳು. ಓಣಿಯವರು ಅರ್ಧ ತಮಾಷೆಗೆ ಮೆಂಬರಕ್ಕ ಎಂದು ಕರೆಯತೊಡಗಿದರು. ಆ ಹೆಸರೇ ನಿಂತಿತು.

ಒಂದು ಮಧ್ಯಾಹ್ನ ಅವಳ ಜೊತೆಗೆ ವರ್ಷಗಟ್ಟಲೆ ಕೂತು ತೊಟ್ಟು ಬಿಡಿಸಿದ್ದ ಗೆಳತಿ ಬಂದಳು. ಜ್ವರ, ಕೆಳಹೊಟ್ಟೆಯಲ್ಲಿ ಉರಿ. ಹೆಜ್ಜೆ ಇಡಲೂ ಆಗದೆ ಕಟ್ಟೆಯ ಮೇಲೆ ಕುಸಿದು ಕೂತಳು.

"ಡಾಕ್ಟರ ನೀರ ಕುಡಿ ಅಂತಾರ. ಕುಡದ್ರ ಎಲ್ಲಿಗೆ ಹೋಗ್ಲಿ? ನೀ ಮೆಂಬರ ಆಗೀದಿ. ನಮಗೊಂದು ಸಂಡಾಸ ಕಟ್ಟಿಸಿಕೊಡವಾ."

ಪೇಟೆಯ ಸುತ್ತ ಬಟಾಬಯಲು. ನೂರಾರು ಹೆಂಗಸರು ಬೆಳಗಿನ ಚಹಾದ ಮೇಲೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಕತ್ತಲಾದ ಮೇಲೆ ಜಾಲಿಗಿಡದ ಮರೆ. ಅದರ ಮೇಲೆ ಕೈಬೆರಳಿಗೆಲ್ಲ ಖಾರ… ಮೆಂಬರಕ್ಕನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವಳ ಮೈಯಲ್ಲೂ ಆ ಉರಿ ಬಂದು ಹೋಗುತ್ತಲೇ ಇತ್ತು.

ಮುಂದಿನ ಮೀಟಿಂಗಿಗೆ ತಾನೇ ಹೊರಟಳು. "ಅಲ್ಲಿ ಹೋಗಿ ಏನ್ ಮಾತಾಡ್ತಿ ನೀ?" ಎಂದ ಗಂಡ. "ಮಾತಾಡಾಕ ಬರ್ಲಿಲ್ಲಂದ್ರ ಸುಮ್ನ ಕುಂತ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದಳು.

ಆಗ ಪುರಸಭೆಗೆ ಸರ್ಕಾರದಿಂದ ಒಂದಿಷ್ಟು ಅನುದಾನ ಬಂದಿತ್ತು. ಅದರ ಮೇಲೆ ಎರಡು ಗುಂಪುಗಳ ಜಗಳ. ಒಂದು ಗುಂಪಿಗೆ ಬಾಡಿಗೆ ಬರುವ ಮಳಿಗೆಗಳು ಬೇಕು, ಇನ್ನೊಂದಕ್ಕೆ ಊರ ಬಾಗಿಲಿಗೆ ಕಮಾನು ಬೇಕು. ನಡುವೆ ಇವಳೆದ್ದು ಹೆಂಗಸರಿಗೆ ಶೌಚಾಲಯ ಬೇಕೆಂದಳಂತೆ. ಒಬ್ಬ ಮೆಂಬರ, "ಅಕ್ಕಾರ, ಅದರ ಕಲ್ಲಿನ ಮ್ಯಾಲೆ ಯಾರ ಹೆಸರ ಕೆತ್ತಸೂಣ್ರಿ?" ಎಂದನಂತೆ. ಜಗಳವಾಡುತ್ತಿದ್ದ ಎರಡೂ ಗುಂಪಿನವರು ಒಟ್ಟಾಗಿ ನಕ್ಕರಂತೆ. ಅಂದು ಸಂಜೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಇದನ್ನು ಹೇಳುವಾಗ ಅವಳೂ ನಕ್ಕಳು. ಆಮೇಲೆ ಬಹಳ ಹೊತ್ತು ಒಂದೇ ತಂಬಿಗೆಯನ್ನು ಉಜ್ಜುತ್ತಿದ್ದಳು.

ಮುಂದಿನ ಅಧ್ಯಕ್ಷರ ಆಯ್ಕೆ ಹತ್ತಿರ ಬಂತು. ಎರಡೂ ಗುಂಪಿನ ಬಲ ಸಮಸಮ. ಯಾವ ಕಡೆಗೂ ಸೇರದೆ ಉಳಿದದ್ದು ಇವಳ ಒಂದು ಓಟು. ನಮ್ಮ ಓಣಿಗೆ ಜೀಪುಗಳು ಬಂದವು. ಹಣ್ಣು, ಸೀರೆ. ಅವಳು ಹೊಸ್ತಿಲಲ್ಲೇ ನಿಂತು ಆಡಿದ ಮಾತು ನನ್ನ ಮನೆಗೂ ಕೇಳಿಸಿತು.

"ಸೀರಿ ಬ್ಯಾಡ್ರಿ. ಸಂಡಾಸಕ್ಕ ರೊಕ್ಕ ಮಂಜೂರಾಗ್ಲಿ, ಪಾಯಾ ತೋಡ್ರಿ. ಪಾಯಾ ನೋಡಿ ಕೈ ಎತ್ತತೀನಿ."

ಮಳಿಗೆಯ ಗುಂಪಿನವರು ಒಪ್ಪಿದರು. ಪೇಟೆಯ ಪಕ್ಕದಲ್ಲಿ ಪೂಜೆಯಾಗಿ ಪಾಯ ತೋಡಿದರು. ಅವಳು ಕೈ ಎತ್ತಿದಳು. ಒಂದೇ ಓಟಿನಿಂದ ಅವರ ಕಡೆಯವನು ಅಧ್ಯಕ್ಷನಾದ. ಸಂಜೆ ತೊಟ್ಟು ಬಿಡಿಸುವ ಹೆಂಗಸರೆಲ್ಲ ಬಂದು ಅವಳಿಗೆ ಉಡಿ ತುಂಬಿದರು. ಗೆಳತಿ ಅವಳ ಗಲ್ಲ ಹಿಡಿದು ದೃಷ್ಟಿ ತೆಗೆದಳು. ಅದೇ ವಾರ ಮೆಂಬರಕ್ಕ ದೊಡ್ಡ ಡಬ್ಬಿ ಫಿನಾಯಿಲು ತಂದಳು. "ಗೋಡಿ ಏಳೂ ಮೊದಲ ಯಾಕಕ್ಕಾ?" ಎಂದರೆ, "ಬಾಗಿಲಾ ತಗದ ದಿನಾನ ನಾರಬಾರ್ದು ತಂಗೀ" ಎಂದಳು.

ಅದೇ ದಿನಗಳಲ್ಲಿ ಅವರ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹಳೆಯದು, ಆದರೆ ಸುಸ್ಥಿತಿಯಲ್ಲಿತ್ತು. ಸೊಸಾಯಿಟಿಯ ಸಾಲ ಎಂದ ಗಂಡ. ಇನ್ನು ಬೇರೆಯವರ ಗಾಡಿಗೆ ದಲಾಲಿ ಮಾಡುವುದು ತಪ್ಪಿತು ಎಂದು ಅವಳಿಗೂ ಸಂತೋಷ. ಅದರಲ್ಲೇ ಮಗಳನ್ನೂ ಕೂರಿಸಿಕೊಂಡು ಗಳಗನಾಥಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಪ್ರಸಾದ ಕೊಡಲು ನಮ್ಮ ಮನೆಗೆ ಬಂದವಳ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಶೌಚಾಲಯದ ಗೋಡೆ ಎದ್ದಿತು, ಮೇಲೆ ಛಾವಣಿಯೂ ಆಯಿತು. ಅಲ್ಲಿಗೆ ಕೆಲಸ ನಿಂತಿತು. ನೀರಿನ ಪೈಪಿಗೂ ಮಲದ ಗುಂಡಿಗೂ ಇಟ್ಟಿದ್ದ ಹಣ ಮಳಿಗೆಗಳ ಲೆಕ್ಕಕ್ಕೆ ಹೋಯಿತು. ಕಮಾನಿನ ಗುಂಪಿನವರು ಆ ಜಾಗವೇ ಪುರಸಭೆಯದ್ದಲ್ಲ ಎಂದು ಅರ್ಜಿ ಹಾಕಿದರು. ಇವರು ಅವರ ಮೇಲೆ, ಅವರು ಇವರ ಮೇಲೆ ತಪ್ಪು ಹಾಕುತ್ತ ಬಾಗಿಲಿಗೆ ಬೀಗ ಬಿತ್ತು. ಮೆಣಸಿನಕಾಯಿ ಸುಗ್ಗಿ ಬಂತು. ಹೆಂಗಸರು ಆ ಬೀಗದ ಮುಂದೆಯೇ ಹಾದು ಬಯಲಿಗೆ ಹೋದರು.

ಒಂದು ದಿನ ಮೆಂಬರಕ್ಕ ಒಬ್ಬಳೇ ಅಧ್ಯಕ್ಷನ ಮನೆಗೆ ಹೋದಳು. ತಿರುಗಿ ಬಂದವಳು ತನ್ನ ಮನೆಗೆ ಹೋಗದೆ ನಮ್ಮ ಹಿತ್ತಲ ಬಾಗಿಲಲ್ಲಿ ಕೂತಳು. ನೀರು ಕೊಟ್ಟೆ. ಕುಡಿಯಲಿಲ್ಲ.

"ಆತ ಏನಂದ ಗೊತ್ತೇನ ತಂಗೀ? 'ನಿಮ್ಮ ಓಟಿನ ವ್ಯವಹಾರ ನಿಮ್ಮ ಯಜಮಾನ್ರ ಜೋಡಿ ಅವತ್ತ ಮುಗದೈತಿ. ಇನ್ನ ಯಾಕ ಬಂದೀರಿ?' ಅಂದ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಟೆಂಪೋ ನಿಂತಿತ್ತು.

"ಅದರಾಗ ಕುಂತು ನಾ ದೇವರಿಗೆ ಹೋಗಿ ಬಂದೇನಿ…" ಎಂದಳು.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಮೆಂಬರಕ್ಕ ರೊಕ್ಕ ತಿಂದು ಓಟು ಹಾಕಿದಳು ಎಂದು ಕಮಾನಿನ ಗುಂಪು ಸಾರಿತು. ಹೆಂಗಸರ ಕಣ್ಣೆದುರು ಬೀಗವೂ ಇತ್ತು, ಟೆಂಪೋವೂ ಇತ್ತು. ಯಾರು ತಾನೇ ನಂಬುವುದಿಲ್ಲ? ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು ಎಂದೆ.

"ಏನಂತ ಹೇಳ್ಲಿ? ಗಂಡ ತಿಂದಾನ, ನಾ ತಿಂದಿಲ್ಲ ಅನ್ಲೇನ? ಮಗಳನ್ನ ನೋಡಾಕ ಬರಾಕತ್ತಾರ. ಆಕಿ ಲಗ್ನ ಆಗ್ಲಿ."

ಮಗಳ ಲಗ್ನವಾಯಿತು. ಅಷ್ಟು ಹೊತ್ತಿಗೆ ಇವಳ ಅವಧಿಯೂ ಮುಗಿದು ವಾರ್ಡಿನ ಮೀಸಲಾತಿ ಬದಲಾಗಿತ್ತು. ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಂಡ ಬೇಡವೆಂದರೂ ಮತ್ತೆ ತೊಟ್ಟು ಬಿಡಿಸಲು ಹೊರಟಳು. ಹಿಂದೆಲ್ಲ ಐದಾರು ಹೆಂಗಸರ ನಡುವೆ ಗದ್ದಲ ಮಾಡುತ್ತ ಹೋಗುತ್ತಿದ್ದವಳು ಈಗ ಹೋಗುವಾಗ ಒಬ್ಬಳೇ, ಬರುವಾಗಲೂ ಒಬ್ಬಳೇ. ಗಂಡನ ಜೊತೆ ಜಗಳವಾಡಿದ್ದನ್ನು ನಾನು ಕೇಳಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಮಾತಿರಲಿಲ್ಲ.

ಹಳೆಯ ಉರಿ ಮತ್ತೆ ಎದ್ದು ಈ ಸಲ ಬಿಡಲಿಲ್ಲ. ಕಾಲು, ಮುಖ ಬಾತವು. ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನು ಹೊರಟೆ. ಗಂಡ ಟೆಂಪೋದ ಬಾಗಿಲು ತೆಗೆದು, "ಹತ್ತು, ಕುಂದ್ರು" ಎಂದ. ಅವನ ದನಿಯಲ್ಲಿ ಅಳುವಿತ್ತು. ಅವಳು ಅದರ ಪಕ್ಕದಲ್ಲೇ ಹಾದು, ಬಾತ ಕಾಲಿನಲ್ಲಿ, ನನ್ನ ಭುಜ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ನಡೆದಳು. ಆಸ್ಪತ್ರೆಯಲ್ಲಿ ನರ್ಸು ಗುಳಿಗೆ ನುಂಗಲು ನೀರು ಕೊಟ್ಟರೆ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದಳು. "ಇಲ್ಲಿ ಸಂಡಾಸ ಎಲ್ಲೈತಿ, ಮೊದಲ ನೋಡ್ಕೊಂಡ್ ಬಾ ತಂಗೀ." ನೋಡಿಕೊಂಡು ಬಂದು ಹೇಳಿದ ಮೇಲೆಯೇ ಕುಡಿದಳು.

ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಆ ಆಷಾಢ ದಾಟಲಿಲ್ಲ… ಮಣ್ಣು ಮಾಡಲು ಓಣಿಯವರು ಬಂದರು, ಪುರಸಭೆಯಿಂದ ಒಂದು ಹೂವಿನ ಹಾರ ಬಂತು. ಪೇಟೆಯ ಹೆಂಗಸರು ಬರಲಿಲ್ಲ. ಮುಂದೆ ನಾವು ಹಾವೇರಿಗೆ ಮನೆ ಬದಲಿಸಿದೆವು. ಬೀಗ ಬಿದ್ದ ಕಟ್ಟಡವನ್ನು ಕೆಡವಿ ಅಲ್ಲೂ ಮಳಿಗೆ ಕಟ್ಟಿದರೆಂದು ಕೇಳಿದೆ. ಮೆಂಬರಕ್ಕನ ಗಂಡನೂ ತೀರಿಕೊಂಡ.

ಕಲ್ಯಾಣ ಮಂಟಪದಲ್ಲಿ ಕೈ ತೊಳೆದು ಬಂದು ಕೂತಾಗ, ಪಕ್ಕದಲ್ಲಿ ಒಬ್ಬ ಮುದುಕಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಮೆಂಬರಕ್ಕನ ಆ ಗೆಳತಿ, ಅಂದು ಸಂಡಾಸ ಕೇಳಲು ಬಂದವಳು. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಿದ್ದಳು. ಊರಿನ ಮಾತು, ಮಕ್ಕಳ ಮಾತು ಆದ ಮೇಲೆ ನನ್ನ ಕಡೆ ಬಾಗಿ ಕೇಳಿದಳು.

"ನೀವು ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದವರು. ಖರೇ ಹೇಳ್ರಿ. ಆಕಿ ರೊಕ್ಕ ತಿಂದಿದ್ಲೇನ್ರಿ?"

"ಇಲ್ಲವಾ."

"ಮತ್ತ ಆ ಟೆಂಪೋ?"

ಹೇಳಿದೆ. ಈ ಗೆಳತಿಯಿಂದ ಇನ್ನು ಮುಚ್ಚಿಡುವುದು ಯಾರಿಗಾಗಿ? ಅಧ್ಯಕ್ಷ ಆಡಿದ ಮಾತು, ಮಗಳ ಲಗ್ನಕ್ಕಾಗಿ ಅವಳು ಬಾಯಿ ಮುಚ್ಚಿಕೊಂಡದ್ದು, ಬಸ್ಸಿಗೆ ನಡೆದದ್ದು, ಎಲ್ಲ ಹೇಳಿದೆ. ಬಡಿಸುವವರು ಬಂದು ಎಲೆ ಹಾಕಿ ಹೋದರು. ಮುದುಕಿ ಎಲೆಗೆ ನೀರು ಚಿಮುಕಿಸಲಿಲ್ಲ.

"ಆಕಿ ತಿರುಗಿ ಕೆಲಸಕ್ಕ ಬಂದ ದಿನ ನನ್ನ ಬಾಜೂಕ ಬಂದು ಕುಂತಿದ್ಲರಿ. ನಾ ಬುಟ್ಟಿ ಎತ್ತಿಕೊಂಡು ದೂರ ಸರದೇನಿ. ಆಕಿ ಸುಮ್ನ ನೋಡಿದ್ಲು…"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೆಂಬರಕ್ಕ ಒಂದು ದಿನವೂ ನನಗೆ ಆ ಸಂಗತಿ ಹೇಳಿರಲಿಲ್ಲ. ಗೆಳತಿಯ ಮೇಲೆ ಒಂದು ದೂರು ಕೂಡ ಅವಳ ಬಾಯಿಂದ ನಾನು ಕೇಳಿರಲಿಲ್ಲ. ಇದನ್ನು ಈ ಮುದುಕಿಗೆ ಹೇಳಲೋ ಬೇಡವೋ ತಿಳಿಯಲಿಲ್ಲ. ಸಾಲಿನಲ್ಲಿ ಎಲ್ಲರೂ ಊಟ ಶುರುಮಾಡಿದ್ದರು. ನಾವಿಬ್ಬರು ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದೆವು. ಮುದುಕಿಯ ಆ ಮಾತು ಕೇಳಬೇಕಾದವಳು ನಾನಾಗಿರಲಿಲ್ಲ, ಮೆಂಬರಕ್ಕ.