ಅಂಬುಬಾಯಿ ಮಕ್ಕಳಿಗೆ ತೋರಿಸಿದ ಬದು

ಅಂಬುಬಾಯಿಗೆ ಈಗ ಎಪ್ಪತ್ತೆರಡು. ತವರು ಚಿಟಗುಪ್ಪ ಕಡೆ. ಹದಿನಾರಕ್ಕೆ ಮದುವೆಯಾಗಿ ಬಸವಕಲ್ಯಾಣ ತಾಲೂಕಿನ ಹಳ್ಳಿಗೆ ಬಂದರು. ಹುಮನಾಬಾದಿನ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ ಗಂಡ ಲಾಲಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ಸ್ವಂತ ಜಮೀನಿಲ್ಲ. ಐವತ್ತು ವರ್ಷ ಬೇರೆಯವರ ಹೊಲದಲ್ಲಿ ಕಳೆ ತೆಗೆದರು. ತೆಗೆದ ಕಳೆಯಲ್ಲಿ ತಿನ್ನುವಂಥದ್ದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದರು.

ಆ ಸೊಪ್ಪಿನ ಪಲ್ಯ ಒಂದು ದಿನ ಮೊಮ್ಮಗಳು ವಿಶಾಖಾಳ ಡಬ್ಬಿಯಲ್ಲಿತ್ತು. ಒಂಬತ್ತನೇ ತರಗತಿಯ ವಿಶಾಖಾ ಡಬ್ಬಿಗೆ ಮುಚ್ಚಳ ಅಡ್ಡ ಹಿಡಿದು ತಿನ್ನುತ್ತಿದ್ದಳು. ವಿಜ್ಞಾನದ ಅತಿಥಿ ಶಿಕ್ಷಕಿ ಖುಷ್ನುಮಾ ಅದನ್ನು ನೋಡಿದರು.

"ಇದು ಯಾವ ಪಲ್ಯ?"

"ಹೆಸರು ಗೊತ್ತಿಲ್ರಿ ಮೇಡಂ. ನಮ್ಮ ಆಯಿ ಹೊಲದಾಗ ಕಿತ್ತಿದ್ದು."

ಆ ಶನಿವಾರವೇ ಅಂಬುಬಾಯಿಯನ್ನು ಶಾಲೆಗೆ ಕರೆಸಿದರು. ಮೂವತ್ತೆರಡು ಮಕ್ಕಳ ಎದುರು ಕುರ್ಚಿಯಲ್ಲಿ ಕೂತ ಅಂಬುಬಾಯಿ ನಾಲ್ಕು ಪಲ್ಯದ ಹೆಸರು ಹೇಳಿ ಅಷ್ಟಕ್ಕೇ ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಿಶಾಖಾ ತಲೆ ತಗ್ಗಿಸಿದಳು.

"ಇಲ್ಲಿ ಕುಂತು ಹ್ಯಾಂಗ ಹೇಳ್ಲಿ? ಹೊಲಕ್ಕ ನಡೀರಿ," ಎಂದು ಅಂಬುಬಾಯಿ ಎದ್ದೇಬಿಟ್ಟರು.

ಅವರು ಕರೆದೊಯ್ದದ್ದು ಊರಿನ ಸಾವುಕಾರ ಗುರುಲಿಂಗಪ್ಪನವರ ಸೋಯಾ ಹೊಲದ ಬಡಗಣ ಬದುವಿಗೆ. ಆದರೆ ಅಲ್ಲಿ ಹಸಿರೇ ಇರಲಿಲ್ಲ. ಕಳೆ ಔಷಧ ಹೊಡೆದು ನಾಲ್ಕು ದಿನವಾಗಿತ್ತು. ಬದುವೆಲ್ಲ ಹಳದಿಯಾಗಿ ಒಣಗಿತ್ತು. ಅಂಬುಬಾಯಿ ಬಗ್ಗಿ ಒಂದು ಬೇರು ಕಿತ್ತು ನೋಡಿ ಎಸೆದರು. "ಏನೂ ಮುಟ್ಟಬ್ಯಾಡ್ರಿ," ಎಂದು ಮಕ್ಕಳನ್ನು ಹಿಂದೆ ಸರಿಸಿದರು.

ಗದ್ದಲ ಕೇಳಿ ಗುರುಲಿಂಗಪ್ಪ ಬಂದರು.

"ಸಾಲಿ ಹುಡುಗರನ್ನ ಇಲ್ಲಿ ಯಾಕ ತಂದಿ, ಅಂಬುಬಾಯಿ?"

"ಹಕ್ಕರಕಿ ಪಲ್ಯ ತೋರ್ಸಬೇಕಂತ ಬಂದಿದ್ದೆ, ಸಾವ್ಕಾರ್ರ. ಸುಟ್ಟಿದ್ದು ತೋರ್ಸಾಕತ್ತೇನಿ."

"ಕಳೆ ಇಟ್ಟುಕೊಂಡು ಏನು ಮಾಡ್ಲಿ?"

ಅಂಬುಬಾಯಿ ಬದುವಿನಾಚೆಯ ಕಾಲುದಾರಿಯಲ್ಲಿ ಕೂತರು. ಮಕ್ಕಳೂ ಕೂತರು. ಸಾವಿರದ ಒಂಬೈನೂರ ಎಪ್ಪತ್ತೆರಡರ ಬರಗಾಲದಲ್ಲಿ, ಮದುವೆಯಾದ ಹೊಸದರಲ್ಲಿ, ತಾನು ಸರಕಾರದ ಕಾಮಗಾರಿಯಲ್ಲಿ ಕಲ್ಲು ಒಡೆದದ್ದನ್ನು ಹೇಳತೊಡಗಿದರು. ಸಂಜೆ ಈ ಬದುವಿಗೆ ಬರುತ್ತಿದ್ದರು. ನಾಲಾದ ನೀರು ಹತ್ತಿರವಿದ್ದುದರಿಂದ ಇಲ್ಲಿ ಮಾತ್ರ ಒಂದಿಷ್ಟು ಹಕ್ಕರಕಿ ಉಳಿದಿತ್ತು. ಒಂದು ದಿನ ಗುರುಲಿಂಗಪ್ಪನವರ ತಾಯಿ ತುಳಜಾಬಾಯಿ ಒಬ್ಬರೇ ಬಂದರು. ದೊಡ್ಡ ಮನೆಯಲ್ಲೂ ಜೋಳದ ಕಣಜ ತಳ ಕಂಡಿತ್ತು.

"ನಮ್ಮ ಕೈಯಾಗಿನ ನೀರು ನಿಮ್ಮ ಮಂದಿ ಕುಡೀದ ಕಾಲ ಅದು," ಎಂದರು ಅಂಬುಬಾಯಿ. "ನಾ ಕಿತ್ತ ಪಲ್ಯ ನಿಮ್ಮವ್ವ ಸೆರಗಿನಾಗ ಹಾಕ್ಕೊಂಡ್ರು. ಎಂಟು ದಿನ ಬಂದ್ರು. ಮನ್ಯಾಗ ಯಾರಿಗೂ ಹೇಳಬ್ಯಾಡ ಅಂದಿದ್ರು. ಇವತ್ತಿನ ತನಕ ಹೇಳಿದ್ದಿಲ್ರಿ."

ಮಕ್ಕಳು ಗುರುಲಿಂಗಪ್ಪನವರ ಮುಖ ನೋಡಿದರು. ಅವರು ಒಣಗಿದ ಬದುವನ್ನೊಮ್ಮೆ ನೋಡಿದರು.

"ನಾ ಆಗ ಐದು ವರ್ಷದವ," ಎಂದರು. "ತಿಂದಿರಬೇಕು. ಯಾವುದು ಆ ಪಲ್ಯ? ತೋರ್ಸು."

ನಾಲಾ ದಂಡೆಯಲ್ಲಿ ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ವಿಶಾಖಾಳೇ ಮೊದಲು ಗುರುತಿಸಿದಳು: ನೆಲಕ್ಕೆ ಅಂಟಿದ, ಅಂಚು ಹರಿದಂತಿರುವ ಎಲೆ. ಶಾಲೆಗೆ ತಂದು ಮೂರು ಸಲ ತೊಳೆದು, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ತಿಂದರು. ಕಹಿ ಎಂದು ಕೆಲವರು ಉಗುಳಿದರು. ಗುರುಲಿಂಗಪ್ಪ ತಮ್ಮ ಪಾಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋದರು.

ದಸರೆಯವರೆಗೆ ಪ್ರತಿ ಶನಿವಾರ ಹೊಲದ ಪಾಠ ನಡೆಯಿತು. ಮೂವತ್ತೆರಡು ಮಕ್ಕಳು ಹನ್ನೊಂದಕ್ಕೆ ಇಳಿದರು. ಬಿಟ್ಟುಹೋದವರಲ್ಲಿ ಕೆಲವರಿಗೆ ಟ್ಯೂಷನ್ ಇತ್ತು, ಕೆಲವರಿಗೆ ಬೇಸರವಾಗಿತ್ತು. ವಿಶಾಖಾ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಗಿಡಗಳ ಚಿತ್ರ ಬರೆದಳು. ಯಾವುದು ಯಾರ ಹೊಲದಲ್ಲಿ, ಆ ಹೊಲಕ್ಕೆ ಹಳೆಯ ಹೆಸರೇನು ಎಂಬುದನ್ನೂ ಅಜ್ಜಿಯಿಂದ ಕೇಳಿ ಬರೆದಳು. ಗುರುಲಿಂಗಪ್ಪ ಔಷಧ ಹೊಡೆಯುವುದನ್ನು ಬಿಡಲಿಲ್ಲ. ಬಡಗಣ ಬದುವೊಂದಕ್ಕೆ ಮಾತ್ರ ಹೊಡೆಯಲಿಲ್ಲ.

ಮಾರ್ಚಿನಲ್ಲಿ ಖುಷ್ನುಮಾ ಅವರ ಅತಿಥಿ ಹುದ್ದೆಯ ಅವಧಿ ಮುಗಿಯಿತು. ಮುಂದಿನ ಮಳೆಗಾಲಕ್ಕೆ ಶನಿವಾರದ ಪಾಠ ಇರುವುದಿಲ್ಲವೆಂದು ಅಂಬುಬಾಯಿ ಅಂದುಕೊಂಡಿದ್ದರು. ಜೂನಿನಲ್ಲಿ ಎರಡು ಮಳೆಯಾದ ಮೇಲೆ ವಿಶಾಖಾ ಮೂವರು ಗೆಳತಿಯರನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಆಯಿ, ಮೇಡಂ ಇಲ್ಲಂದ್ರ ಬರೂದಿಲ್ಲೇನು ನೀ?"

ಅಂಬುಬಾಯಿ ಚಪ್ಪಲಿ ಹುಡುಕತೊಡಗಿದರು.